ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ದೋಣಿ: ನೀರಿಗೆ ಬಿದ್ದರೆ ಮತ್ತೆ ಹತ್ತುವುದು ಹೇಗೆ?

ದೋಣಿಯೊಳಗೆ ಕೂತು ನೋಡಿದರೆ ಅದರ ಅಂಚು ಮಂಡಿಯ ಎತ್ತರಕ್ಕೆ ಇರುತ್ತದೆ, ಅಷ್ಟೇ. ಅದೇ ಅಂಚನ್ನು ನೀರಿನಲ್ಲಿ ತೇಲುತ್ತಾ ಕೆಳಗಿನಿಂದ ನೋಡಿದರೆ ಗೋಡೆ. ನನಗೆ ಇದು ಗೊತ್ತಾಗಿದ್ದು ಗಾಳಿಯೇ ಇಲ್ಲದ ದಿನ, ಬೆಚ್ಚಗಿನ ನೀರಿಗೆ ಬೇಕೆಂದೇ ಇಳಿದಾಗ. ಎರಡೂ ಕೈಯಲ್ಲಿ ಅಂಚು ಹಿಡಿದು ಮೈಯನ್ನು ಮೇಲಕ್ಕೆ ಎಳೆದೆ. ಎದೆ ಮೇಲೆ ಬರುವ ಮೊದಲೇ ಕಾಲುಗಳು ದೋಣಿಯ ಅಡಿಗೆ ತೂರಿಕೊಂಡವು. ಲೈಫ್ ಜಾಕೆಟ್ಟಿನ ಮುಂಭಾಗ ಅಂಚಿಗೆ ಸಿಕ್ಕಿಕೊಂಡಿತು. ದೋಣಿ ನನ್ನ ಕಡೆಗೇ ವಾಲಿತು. ಮೂರು ಸಲ ಹೀಗೆ ಮಾಡುವಷ್ಟರಲ್ಲಿ ತೋಳಿನಲ್ಲಿ ಶಕ್ತಿಯೇ ಉಳಿದಿರಲಿಲ್ಲ. ದಡ ಹತ್ತಿರವಿತ್ತು. ದೋಣಿಯನ್ನು ಎಳೆದುಕೊಂಡು ಹೋಗಿ, ಕಾಲಿಗೆ ನೆಲ ಸಿಕ್ಕ ಮೇಲೆ ಹತ್ತಿದೆ.

ಅವತ್ತಿನಿಂದ ಯಾವ ದೋಣಿ ಕಂಡರೂ ಮೊದಲು ನೋಡುವುದು ಒಂದನ್ನೇ. ನೀರಿನಲ್ಲಿ ಇರುವವರು ಬೇರೆಯವರ ಸಹಾಯ ಇಲ್ಲದೆ, ತಮ್ಮ ಕೈಯಿಂದಲೇ ಎಳೆದು ಇಳಿಸಿಕೊಳ್ಳುವಂಥ ಮೆಟ್ಟಿಲು ಇದರಲ್ಲಿ ಇದೆಯಾ? ಇಲ್ಲ ಅಂದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಹೊರಡಿ.

ಇದು ತೋಳಿನ ಕೆಲಸ ಅಲ್ಲ

ನೀರಿನಲ್ಲಿ ಮೈ ಹಗುರ. 80 ಕೆ.ಜಿ. ತೂಕದವರೂ ಲೈಫ್ ಜಾಕೆಟ್ ಹಾಕಿಕೊಂಡು ಸುಮ್ಮನೆ ತೇಲುತ್ತಾರೆ. ಆದರೆ ಮೈ ನೀರಿನಿಂದ ಎಷ್ಟು ಮೇಲೆ ಬರುತ್ತದೋ ಅಷ್ಟು ತೂಕ ವಾಪಸ್ ಬರುತ್ತದೆ. ಸೊಂಟದವರೆಗೆ ಮೇಲೆ ಬಂದಾಗ ಮೈಯ ಅರ್ಧದಷ್ಟು ಭಾರವನ್ನು ತೋಳುಗಳೇ ಹೊರಬೇಕು. ಕಾಲಿನ ಕೆಳಗೆ ಒತ್ತಿ ನಿಲ್ಲಲು ಏನೂ ಇರುವುದಿಲ್ಲ. ಬಟ್ಟೆಯೂ ಹಾಗೆಯೇ: ನೀರಿನೊಳಗೆ ಒದ್ದೆ ಬಟ್ಟೆ ಭಾರ ಅನಿಸುವುದಿಲ್ಲ, ಹೊರಗೆ ಬರುವಾಗ ಅದರೊಳಗೆ ತುಂಬಿಕೊಂಡ ನೀರೆಲ್ಲ ಭಾರವೇ. ನಿಧಾನಕ್ಕೆ ಮೇಲೆ ಬಂದರೆ ಆ ನೀರು ಇಳಿದುಹೋಗಲು ಸಮಯ ಸಿಗುತ್ತದೆ.

ನೀರು ತಣ್ಣಗಿದ್ದರೆ ಗಡಿಯಾರವೂ ನಿಮ್ಮ ವಿರುದ್ಧ ಓಡುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು 1-10-1 ಎಂದು ಸುಲಭವಾಗಿ ನೆನಪಿಡುವ ಹಾಗೆ ಹೇಳಿಕೊಡುತ್ತಾರೆ. ತುಂಬಾ ತಣ್ಣಗಿನ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು ಸುಮಾರು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಮೈಯ ಶಾಖ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಈ ಲೆಕ್ಕದಲ್ಲಿ ದೋಣಿ ಹತ್ತಲು ಸಿಗುವುದು ಆ ನಡುವಿನ 10 ನಿಮಿಷ ಮಾತ್ರ. ಬೆರಳು ಮರಗಟ್ಟಿದ ಮೇಲೆ ಏಣಿ ಇದ್ದರೂ ಅದರ ಕೊಕ್ಕೆ ಬಿಡಿಸಲು ಆಗುವುದಿಲ್ಲ.

ಹೊರಡುವ ಮುಂಚೆ: ದೋಣಿ ನಿಮ್ಮನ್ನು ಬಿಟ್ಟು ಹೋಗದ ಹಾಗೆ

ಹತ್ತಬೇಕು ಅಂದರೆ ಮೊದಲು ದೋಣಿ ಅಲ್ಲಿರಬೇಕು, ಅಲ್ವಾ? ಎಂಜಿನ್ ಓಡುತ್ತಿರುವಾಗ ಚಾಲಕರು ಬಿದ್ದರೆ ದೋಣಿ ನಿಲ್ಲುವುದಿಲ್ಲ. ಹ್ಯಾಂಡಲ್ ಕೈ ತಪ್ಪಿದ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವಂಥದ್ದು), ಪ್ರೊಪೆಲ್ಲರ್‌ನ ಸೆಳೆತಕ್ಕೆ ಒಂದು ಕಡೆ ತಿರುಗಿಕೊಳ್ಳುತ್ತದೆ. ಆಗ ದೋಣಿ ಅಲ್ಲೇ ಸುತ್ತು ಹೊಡೆಯಲು ಶುರು ಮಾಡುತ್ತದೆ. ಆ ಸುತ್ತಿನೊಳಗೆ ಬಿದ್ದವರು ಇರುತ್ತಾರೆ, ಅವರ ಕಡೆಗೇ ಪ್ರೊಪೆಲ್ಲರ್ ಮತ್ತೆ ಮತ್ತೆ ಬರುತ್ತದೆ.

ಇದಕ್ಕಾಗಿಯೇ ಕಿಲ್ ಸ್ವಿಚ್ ಇರುವುದು. ಸಾಮಾನ್ಯವಾಗಿ ಕೆಂಪು ಬಣ್ಣದ ಸುರುಳಿ ಹಗ್ಗ. ಅದರ ಒಂದು ತುದಿ ಎಂಜಿನ್ ಹತ್ತಿರದ ಸ್ವಿಚ್ಚಿಗೆ, ಇನ್ನೊಂದು ತುದಿ ನಿಮ್ಮ ತೊಡೆಗೋ ಲೈಫ್ ಜಾಕೆಟ್ಟಿಗೋ. ನೀವು ಬಿದ್ದರೆ ಹಗ್ಗ ಕಿತ್ತು ಬರುತ್ತದೆ, ಎಂಜಿನ್ ನಿಲ್ಲುತ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಹೋಗುವಾಗ ಇದನ್ನು ಸಿಕ್ಕಿಸಿಕೊಳ್ಳಲೇಬೇಕು ಎಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮ ಇಲ್ಲದ ಕಡೆಯೂ ಹಾಕಿಕೊಳ್ಳಿ. ಪ್ರತಿ ಸಲ ಎಂಜಿನ್ ಶುರು ಮಾಡಿದ ಮೇಲೆ ಒಮ್ಮೆ ಹಗ್ಗ ಎಳೆದು ನೋಡಿ, ನಿಜವಾಗಲೂ ನಿಲ್ಲುತ್ತಾ ಅಂತ. ಉಪ್ಪು ನೀರಿಗೆ ಸ್ವಿಚ್ ಕಚ್ಚಿಕೊಳ್ಳುವುದುಂಟು. ದೋಣಿಯಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ಬೇರೆ ಕ್ಲಿಪ್ ಬೇಕು. ನೀವು ಹಗ್ಗದ ಸಮೇತ ಬಿದ್ದರೆ ಅವರು ಎಂಜಿನ್ ಮತ್ತೆ ಶುರು ಮಾಡಿ ನಿಮ್ಮ ಹತ್ತಿರ ಬರಬೇಕಲ್ಲ.

ನಿಂತ ದೋಣಿಯಿಂದ ಈಜಲು ಇಳಿಯುವಾಗಲೂ ಇದೇ ಮಾತು. ಖಾಲಿ ದೋಣಿ ಗಾಳಿಗೆ ತೇಲಿಹೋಗುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ಒಳ್ಳೆಯ ಈಜುಗಾರರೂ ಗಂಟೆಗೆ 3 ಕಿ.ಮೀ. ಆಸುಪಾಸಿನಲ್ಲೇ ಈಜುವುದು, ಅದೂ ಬರಿ ಮೈಯಲ್ಲಿ. ಲಂಗರು ಹಾಕದೆ ಎಲ್ಲರೂ ಒಟ್ಟಿಗೆ ನೀರಿಗೆ ಇಳಿಯಬೇಡಿ. ಎಂಜಿನ್ ಆಫ್ ಮಾಡಿದ ಮೇಲೆ ತೇಲುವ ಉದ್ದ ಹಗ್ಗವೊಂದನ್ನು ಹಿಂದಕ್ಕೆ ಬಿಟ್ಟಿರಿ. ಎಂಜಿನ್ ಶುರು ಮಾಡುವ ಮುಂಚೆ ಅದನ್ನು ಎಳೆದುಕೊಳ್ಳುವುದು ಮರೆಯಬೇಡಿ.

ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್, ಸಮುದ್ರದಲ್ಲಾದರೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ (ದೋಣಿಗಳು ಪರಸ್ಪರ ಮಾತಾಡುವ ವೈರ್‌ಲೆಸ್). ಇವೆಲ್ಲ ನಿಮ್ಮ ಮೈ ಮೇಲೆ ಇರಬೇಕು. ದೋಣಿಯ ಪೆಟ್ಟಿಗೆಯಲ್ಲಿದ್ದರೆ ಬಿದ್ದವರಿಗೆ ಏನು ಉಪಯೋಗ?

ಮೆಟ್ಟಿಲು: ಏಣಿ ಇರಲಿ, ಕುಣಿಕೆಯಾದರೂ ಇರಲಿ

ಹಿಂಭಾಗಕ್ಕೆ ಬೋಲ್ಟ್ ಹಾಕಿದ, ಮಡಚುವ ಸ್ಟೀಲ್ ಏಣಿಯಷ್ಟು ಒಳ್ಳೆಯದು ಬೇರೆ ಇಲ್ಲ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ನೀರಿನಿಂದ ಕೈ ಚಾಚಿ ಅದನ್ನು ಕೆಳಗೆ ಎಳೆಯಲು ಬರಬೇಕು. ಎಷ್ಟೋ ಏಣಿಗಳಿಗೆ ದೋಣಿಯ ಒಳಗಿನಿಂದ ಮಾತ್ರ ಬಿಚ್ಚಲು ಬರುವ ಪಟ್ಟಿ ಇರುತ್ತದೆ. ಅದು ಈಜಿ ಬರುವವರಿಗೆ ಸರಿ, ಬಿದ್ದವರಿಗೆ ಅಲ್ಲ. ಯುರೋಪಿಯನ್ ಒಕ್ಕೂಟ ಮನರಂಜನೆಯ ದೋಣಿಗಳಿಗಾಗಿ ಮಾಡಿದ 2013/53 ನಿರ್ದೇಶನ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ: ನೀರಿನಲ್ಲಿರುವವರು ಯಾರ ಸಹಾಯವೂ ಇಲ್ಲದೆ ಬಳಸುವಂತಿರಬೇಕು. ಎರಡು, ಕೊನೆಯ ಮೆಟ್ಟಿಲು ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು. ನೀರಿನ ಮಟ್ಟದಿಂದ 50-60 ಸೆಂ.ಮೀ. ಕೆಳಗಾದರೂ ಹೋಗಬೇಕು. ಅದಕ್ಕಿಂತ ಮೇಲಿದ್ದರೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಕಾಲಿಡಬೇಕಾಗುತ್ತದೆ. ಸುಸ್ತಾದವರಿಗೆ ಅದು ಆಗದ ಕೆಲಸ.

ಏಣಿ ಹಾಕಲು ಜಾಗ ಇಲ್ಲ, ಅಥವಾ ಈಗಲೇ ಆಗುವುದಿಲ್ಲ ಅಂದರೆ ಹಗ್ಗದ ಕುಣಿಕೆ ಮಾಡಿಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ. ನನ್ನ ಕೈಯಲ್ಲಿ ಎರಡು ಸಲ ಸರಿಯಾಗದೆ ಮೂರನೇ ಸಲ ಸರಿಯಾದದ್ದು ಹೀಗೆ.

10 ರಿಂದ 12 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಗ್ಗ ತೆಗೆದುಕೊಳ್ಳಿ. ಪಾಲಿಪ್ರೊಪಿಲೀನ್ ಬೇಡ. ಅದು ತೇಲುತ್ತದೆ, ನಿಮ್ಮ ಕಾಲು ಹುಡುಕುವುದು ನೀರಿನ ಕೆಳಗೆ. ಹಗ್ಗದ ಒಂದು ತುದಿಯನ್ನು ದೋಣಿಯ ಹಿಂಭಾಗದ ಮೂಲೆಯಲ್ಲಿರುವ ಗಟ್ಟಿ ಕ್ಲೀಟಿಗೋ (ಹಗ್ಗ ಸುತ್ತಿ ಕಟ್ಟುವ ಕೊಂಬು) ಬಳೆಗೋ ಕಟ್ಟಿ. ತಗಡಿಗೆ ಬರಿ ಸ್ಕ್ರೂ ಹಾಕಿ ಕೂರಿಸಿದ ಹಿಡಿಕೆಗೆ ಕಟ್ಟಬೇಡಿ, ನಿಮ್ಮ ಪೂರ್ತಿ ಭಾರ ಬಿದ್ದಾಗ ಕಿತ್ತು ಬರುತ್ತದೆ. ಇನ್ನೊಂದು ತುದಿಯಲ್ಲಿ ಬೌಲೈನ್ ಗಂಟು ಹಾಕಿ ಪಾದ ಸಲೀಸಾಗಿ ಹೋಗುವಷ್ಟು ದೊಡ್ಡ ಕುಣಿಕೆ ಮಾಡಿ. ಶೂ ಹಾಕಿದ ಪಾದ ಅನ್ನುವುದು ನೆನಪಿರಲಿ. ಬೌಲೈನ್ ಏಕೆ ಅಂದರೆ ಭಾರ ಬಿದ್ದರೂ ಕುಣಿಕೆ ಬಿಗಿಯುವುದಿಲ್ಲ, ಪಾದ ಸಿಕ್ಕಿಕೊಳ್ಳುವುದಿಲ್ಲ. ಗಂಟು ಹಾಕುವ ಮುಂಚೆ ಹಗ್ಗವನ್ನು ಒಂದು ಪಿವಿಸಿ ಪೈಪಿನ ತುಂಡಿನೊಳಗೆ ತೂರಿಸಿ, 15 ಸೆಂ.ಮೀ. ಉದ್ದದ್ದು ಸಾಕು. ಈ ಪೈಪು ಕುಣಿಕೆಯ ತಳದಲ್ಲಿ ಕೂರುತ್ತದೆ. ಇದೇ ನಿಮ್ಮ ಮೆಟ್ಟಿಲು. ಇದು ಇಲ್ಲದಿದ್ದರೆ ಕುಣಿಕೆ ನೀರಿನಲ್ಲಿ ಮುಚ್ಚಿಕೊಳ್ಳುತ್ತದೆ. ಬಾಯಿ ತೆರೆಯದ ಕುಣಿಕೆಗೆ ಕಾಲು ಹಾಕಲು ಪರದಾಡುತ್ತಾ ನಾನು ಕಳೆದ ಆ ನಿಮಿಷಗಳು ಈಗಲೂ ನೆನಪಿವೆ.

ಉದ್ದ ಅಳೆಯುವುದೇ ಮುಖ್ಯ. ಕ್ಲೀಟಿನಿಂದ ನೀರಿನ ಮಟ್ಟದವರೆಗೆ ಎಷ್ಟಿದೆಯೋ ಅದರ ಮೇಲೆ ಇನ್ನು 50 ಸೆಂ.ಮೀ. ಹೋಗಬೇಕು. ಈ ಅಳತೆ ದೋಣಿ ನೀರಿನಲ್ಲಿ, ಸಾಮಾನುಗಳ ಸಮೇತ ಇರುವಾಗ ತೆಗೆದದ್ದಾಗಿರಲಿ. ಮೇಲೆ, ನೀರಿನ ಮಟ್ಟದಿಂದ 20 ಸೆಂ.ಮೀ. ಕೆಳಗೆ ಬರುವ ಹಾಗೆ ಇನ್ನೊಂದು ಕುಣಿಕೆ ಇದ್ದರೆ ತುಂಬಾ ಒಳ್ಳೆಯದು. ಮೊದಲ ಕಾಲು ಕೆಳಗಿನದಕ್ಕೆ, ಎರಡನೆಯದು ಮೇಲಿನದಕ್ಕೆ. ನೀವು ಹಿಡಿದುಕೊಳ್ಳಲು ಕೈಗೊಂದು ಹಗ್ಗವೂ ಬೇಕು. ದೋಣಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಲಾಗಿ, ನಡುನಡುವೆ ಗಂಟು ಹಾಕಿ ಕಟ್ಟಿಕೊಂಡರೆ ಅಂಚಿನ ಮೇಲೆ ಹೊಟ್ಟೆ ಬಂದಾಗ ಹಿಡಿದು ಎಳೆದುಕೊಳ್ಳಬಹುದು.

ಇದನ್ನೆಲ್ಲ ಮಡಚಿ, ವೆಲ್ಕ್ರೋದಿಂದ ಮುಚ್ಚುವ ಸಣ್ಣ ಚೀಲದಲ್ಲಿ ಹಾಕಿ ಹಿಂಭಾಗದ ಒಳಮೂಲೆಗೆ ಕಟ್ಟಿಡಿ. ಚೀಲದಿಂದ ಒಂದು ಎಳೆಯುವ ದಾರ ಹೊರಗೆ ಜೋತಿರಲಿ. ನೀರಿನಲ್ಲಿರುವವರು ಆ ದಾರ ಎಳೆದರೆ ಕುಣಿಕೆ ಬೀಳಬೇಕು. ದಾರವಾಗಲಿ ಕುಣಿಕೆಯಾಗಲಿ ಪ್ರೊಪೆಲ್ಲರ್ ತಲುಪುವಷ್ಟು ಉದ್ದ ಇರಬಾರದು.

ಈಗ ನೀರಿಗೆ ಬಿದ್ದಿದ್ದೀರಿ

ಮೊದಲ ನಿಮಿಷ ಏನೂ ಮಾಡಬೇಡಿ. ತಣ್ಣೀರಾದರೆ ಉಸಿರು ತಾನಾಗಿಯೇ ಮೇಲೆ ಮೇಲೆ ಬರುತ್ತದೆ, ಆ ಹೊತ್ತಿಗೆ ಬಾಯಿ ನೀರಿನ ಮೇಲಿದ್ದರೆ ಸಾಕು. ಜಾಕೆಟ್ ತೇಲಿಸುತ್ತದೆ, ಮಲಗಿದ ಹಾಗೆ ಹಿಂದಕ್ಕೆ ವಾಲಿ. ಉಸಿರು ಸರಿಯಾದ ಮೇಲೆ ದೋಣಿ ಹಿಡಿಯಿರಿ.

ಎಂಜಿನ್ ನಿಂತಿದೆ ಅನ್ನುವುದು ಖಚಿತ ಆಗುವವರೆಗೆ ಹಿಂಭಾಗದ ಹತ್ತಿರ ಹೋಗಬೇಡಿ. ಒಳಗೆ ಯಾರಾದರೂ ಇದ್ದರೆ ಕೂಗಿ ಹೇಳಿ, ಆಫ್ ಮಾಡಿ ಅಂತ. ನ್ಯೂಟ್ರಲ್ ಸಾಲದು. ಯಾರದೋ ಮೈ ತಾಗಿ ಗೇರ್ ಬೀಳಬಹುದು. ಜೊತೆಗೆ, ಓಡುವ ಎಂಜಿನ್ನಿನ ಹಿಂದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಜಾಕೆಟ್ ಅಡ್ಡ ಬರುತ್ತದೆ ಅಂತ ಬಿಚ್ಚುವ ಮನಸ್ಸಾಗುತ್ತದೆ. ಬೇಡ, ದಯವಿಟ್ಟು ಬೇಡ. ಮೊದಲ ಪ್ರಯತ್ನದಲ್ಲಿ ಹತ್ತಲಾಗದೆ ಸುಸ್ತಾದರೆ ನಿಮ್ಮನ್ನು ತೇಲಿಸುವುದು ಅದೊಂದೇ.

ಎಲ್ಲಿಂದ ಹತ್ತುವುದು? ಕಿರಿದಾದ, ಹಗುರ ದೋಣಿಯಾದರೆ ಹಿಂಭಾಗವೇ ಸರಿ. ಬದಿಯಿಂದ ಹತ್ತಿದರೆ ಅದು ನಿಮ್ಮ ಮೇಲೆಯೇ ಮಗುಚುತ್ತದೆ. ಅಗಲವಾದ ಚಪ್ಪಟೆ ತಳದ ದೋಣಿಯಾದರೆ ಬದಿಯೂ ಆಗುತ್ತದೆ. ಹಿಂಭಾಗದಲ್ಲೂ ನಟ್ಟನಡುವೆ ಎಂಜಿನ್ ಇರುವುದರಿಂದ ಮೂಲೆಯೇ ಒಳ್ಳೆಯದು. ಆದರೆ ಅಲೆ ಇದ್ದಾಗ ಲೆಕ್ಕ ಬದಲಾಗುತ್ತದೆ. ಹಿಂಭಾಗ ಏಳುತ್ತಾ ಬೀಳುತ್ತಾ ಎಂಜಿನ್ನಿನ ಸಮೇತ ತಲೆಗೆ ಬಡಿಯಬಹುದು, ಗಿಡ್ಡ ಟ್ರಾನ್ಸಮ್ (ಎಂಜಿನ್ ಕೂರಿಸುವ ಹಿಂಬದಿಯ ಹಲಗೆ) ಮೇಲಿಂದ ನೀರೂ ನುಗ್ಗಬಹುದು. ಆಗ ಬದಿಯ ನಡುಭಾಗಕ್ಕೆ ಬನ್ನಿ. ಒಳಗಿದ್ದವರು ಎದುರು ಬದಿಗೆ ಸರಿದು, ಕೆಳಗೆ ಕೂತು ತೂಕ ಕೊಡಲಿ. ನೀವು ಹಿಂಭಾಗದಿಂದ ಹತ್ತುವಾಗ ಅವರು ಮುಂದಕ್ಕೆ ಹೋಗಲಿ.

ಕುಣಿಕೆಯಲ್ಲಿ ಹತ್ತುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಕಾಲು ಹಾಕಿದ ತಕ್ಷಣ ಅದನ್ನು ಮುಂದಕ್ಕೆ ಒದೆಯುವುದು. ಕುಣಿಕೆ ದೋಣಿಯ ಅಡಿಗೆ ಹೋಗುತ್ತದೆ, ನೀವು ಬೆನ್ನ ಮೇಲೆ ಮಲಗಿದ ಹಾಗೆ ನೇತಾಡುತ್ತೀರಿ. ಇದನ್ನು ತಪ್ಪಿಸಲು ದೋಣಿಗೆ ಮೈಯನ್ನು ಹತ್ತಿರ ಒತ್ತಿಕೊಳ್ಳಿ. ಹಿಮ್ಮಡಿಯನ್ನು ನಿಮ್ಮ ಕುಂಡಿಯ ಕೆಳಗೆ ಎಳೆದುಕೊಳ್ಳಿ, ಕುಕ್ಕರಗಾಲಿನಲ್ಲಿ ಕೂರುವ ಹಾಗೆ. ಈಗ ನೇರ ಕೆಳಕ್ಕೆ ತುಳಿದು ನಿಲ್ಲಿ. ತಲೆಯನ್ನೂ ಎದೆಯನ್ನೂ ದೋಣಿಯೊಳಕ್ಕೆ ಬಾಗಿಸಿ. ಕೈಗಳು ಬರಿ ತೂಕ ಸರಿತೂಗಿಸಲು. ಏಳುವುದು ತೊಡೆಯ ಬಲದಿಂದ.

ಹೊಟ್ಟೆ ಅಂಚು ದಾಟಿತು ಅಂದರೆ ಕೆಲಸ ಮುಗಿದ ಹಾಗೆ. ಗೌರವದಿಂದ ಕಾಲೆತ್ತಿ ದಾಟಲು ಹೋಗಬೇಡಿ. ತಲೆ ಮುಂದಾಗಿ ಒಳಕ್ಕೆ ಜಾರಿ, ಮೀನು ಬಿದ್ದ ಹಾಗೆ ಬಿದ್ದರೂ ಪರವಾಗಿಲ್ಲ. ಕಾಲು ಕುಣಿಕೆಯಿಂದ ಬಿಟ್ಟಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಏಣಿಯೂ ಇಲ್ಲ, ಕುಣಿಕೆಯೂ ಇಲ್ಲ ಅಂದರೆ

ಎಂಜಿನ್ನೇ ಮೆಟ್ಟಿಲಾಗಬಹುದು. ಪ್ರೊಪೆಲ್ಲರ್‌ನ ಸ್ವಲ್ಪ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ಲೋಹದ ತಟ್ಟೆ ಇರುತ್ತದೆ. ಎಂಜಿನ್ ಪೂರ್ತಿ ಆಫ್ ಆಗಿ, ಕೆಳಗೆ ಇಳಿದ ಸ್ಥಿತಿಯಲ್ಲಿ ಇದ್ದರೆ ಅದರ ಮೇಲೆ ಮೊದಲು ಮಂಡಿ, ಆಮೇಲೆ ಪಾದ ಊರಬಹುದು. ಪಾದವನ್ನು ತಟ್ಟೆಯ ತುದಿಗೆ ಇಡಬೇಡಿ. ಎಂಜಿನ್ ಎಡಕ್ಕೋ ಬಲಕ್ಕೋ ತಿರುಗಿಕೊಂಡು ಕಾಲು ಜಾರುತ್ತದೆ. ನಡುವೆ, ಎಂಜಿನ್ನಿನ ಕಂಬಕ್ಕೆ ಒತ್ತಿಕೊಂಡು ಇಡಿ. ಕೈಗೆ ಟ್ರಾನ್ಸಮ್ ಅಂಚು ಹಿಡಿಯಿರಿ. ಎಂಜಿನ್ನಿನ ಮೇಲಿನ ಮುಚ್ಚಳ ಬೇಡ, ಅದು ಬರಿ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಪ್ರೊಪೆಲ್ಲರ್ ನಿಂತಿದ್ದರೂ ಅದರ ಅಂಚು ಚರ್ಮ ಸೀಳುತ್ತದೆ, ಹಾಗಾಗಿ ಬರಿಗಾಲಿನವರು ಹುಷಾರು. ಪವರ್ ಟಿಲ್ಟ್ (ಬಟನ್ ಒತ್ತಿದರೆ ಎಂಜಿನ್ ಅನ್ನು ಎತ್ತುವ ವ್ಯವಸ್ಥೆ) ಇರುವವರು ತಟ್ಟೆಯ ಮೇಲೆ ನಿಂತು ಬಟನ್ ಒತ್ತಿ ಮೇಲೆ ಬರುವುದನ್ನು ನೋಡಿದ್ದೇನೆ. ನಾನು ಅದನ್ನು ಹೇಳಿಕೊಡುವುದಿಲ್ಲ. ಕಾಲು ಬೆರಳು ಸಿಕ್ಕಿಕೊಳ್ಳುವ ಸಂದು ಅಲ್ಲಿ ಬಹಳ ಇವೆ.

ಅದೂ ಆಗದಿದ್ದರೆ ಒದ್ದು ಹತ್ತುವುದು. ಅಂಚು ತಗ್ಗಾಗಿರುವ ದೋಣಿಯಲ್ಲಿ, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಇದು ನಡೆಯುತ್ತದೆ. ಎರಡು ಕೈಯಲ್ಲಿ ಅಂಚು ಹಿಡಿದು ತೋಳು ನೇರ ಚಾಚಿ. ಕಾಲುಗಳನ್ನು ಹಿಂದಕ್ಕೆ ತೇಲಿಸಿ ಮೈಯನ್ನು ನೀರಿನ ಮೇಲೆ ಪೂರ್ತಿ ಅಡ್ಡ ಮಾಡಿ. ಜೋರಾಗಿ ಕಾಲು ಬಡಿಯಿರಿ. ಮೇಲಕ್ಕೆ ಏರುವುದಲ್ಲ, ಮುಂದಕ್ಕೆ ನುಗ್ಗುವುದು. ಅಂಚನ್ನು ಎದೆಯ ಕೆಳಗೆ, ಆಮೇಲೆ ಹೊಟ್ಟೆಯ ಕೆಳಗೆ ಎಳೆದುಕೊಳ್ಳಿ. ಒಂದು ಕೈ ಚಾಚಿ ಒಳಗಿನ ಸೀಟು ಹಿಡಿಯಿರಿ. ಕಾಲು ಬಡಿಯುವುದು ನಿಂತ ಕ್ಷಣ ಅವು ಮತ್ತೆ ದೋಣಿಯ ಅಡಿಗೆ ಇಳಿಯುತ್ತವೆ, ಅದಕ್ಕೇ ಸೊಂಟ ದಾಟುವವರೆಗೆ ನಿಲ್ಲಿಸಬೇಡಿ.

ಕೈಗೆ ದೋಣಿ ಕಟ್ಟುವ ಹಗ್ಗ ಸಿಕ್ಕರೆ ಅದರಲ್ಲೇ ಕುಣಿಕೆ ಮಾಡಿಕೊಳ್ಳಿ. ನೀರಿನಲ್ಲಿ, ನೋಡದೆ, ಬೌಲೈನ್ ಹಾಕುವುದನ್ನು ಕಲಿತಿದ್ದರೆ ಇಲ್ಲಿ ಜೀವ ಉಳಿಸುತ್ತದೆ.

ಎರಡು ಮೂರು ಪ್ರಯತ್ನದಲ್ಲಿ ಆಗಲಿಲ್ಲವೆಂದರೆ ನಿಲ್ಲಿಸಿ. ಉಳಿದ ಶಕ್ತಿಯಲ್ಲಿ ನಿಮ್ಮನ್ನು ದೋಣಿಗೆ ಕಟ್ಟಿಕೊಳ್ಳಿ ಅಥವಾ ತೋಳನ್ನು ಹಗ್ಗದೊಳಗೆ ತೂರಿಸಿ. ಸೀಟಿ ಊದಿ, ವಿಎಚ್‌ಎಫ್ ಇದ್ದರೆ ಅಪಾಯದ ಕರೆಯ ಚಾನೆಲ್ 16ರಲ್ಲಿ ಸಹಾಯಕ್ಕೆ ಕರೆಯಿರಿ. ಮಂಡಿಗಳನ್ನು ಎದೆಗೆ ಒತ್ತಿ, ತೋಳನ್ನು ಪಕ್ಕೆಗೆ ಒತ್ತಿ ಮುದುಡಿಕೊಂಡರೆ ಶಾಖ ಉಳಿಯುತ್ತದೆ. ದಡ ಹತ್ತಿರ ಕಾಣುತ್ತದೆ ಅಂತ ದೋಣಿ ಬಿಟ್ಟು ಈಜಬೇಡಿ. ಹುಡುಕುವವರಿಗೆ ದೋಣಿ ಕಾಣುತ್ತದೆ, ತಲೆ ಕಾಣುವುದಿಲ್ಲ.

ಬೇರೆಯವರನ್ನು ಎತ್ತಿಕೊಳ್ಳುವಾಗ

ಗಾಳಿಗೆ ಎದುರಾಗಿ, ನಿಧಾನಕ್ಕೆ ಬನ್ನಿ. ಬಿದ್ದವರು ಚಾಲಕರ ಕಣ್ಣಿಗೆ ಸದಾ ಕಾಣುವ ಬದಿಯಲ್ಲಿರಲಿ. ಹಗ್ಗ ಎಸೆದು ಅವರು ಹಿಡಿದ ಕೂಡಲೇ ಎಂಜಿನ್ ಆಫ್.

ಹಿಡಿದು ಎಳೆಯುವಾಗ ಮುಖ ದೋಣಿಯ ಕಡೆ ಇದ್ದರೆ ಜಾಕೆಟ್ ಸಿಕ್ಕಿಕೊಂಡು ಅರ್ಧಕ್ಕೇ ನಿಲ್ಲುತ್ತಾರೆ. ಬೆನ್ನು ದೋಣಿಯ ಕಡೆ ಬರುವ ಹಾಗೆ ತಿರುಗಿಸಿ. ಇಬ್ಬರು ಮಂಡಿಯೂರಿ, ಜಾಕೆಟ್ಟಿನ ಭುಜದ ಪಟ್ಟಿಯನ್ನೋ ಕಂಕುಳನ್ನೋ ಹಿಡಿಯಿರಿ. ಜಾಕೆಟ್ಟಿನ ಪಟ್ಟಿ ಬಿಗಿ ಇಲ್ಲದಿದ್ದರೆ ಅದು ಮಾತ್ರ ಕಳಚಿ ಬರುತ್ತದೆ, ಮೊದಲೇ ನೋಡಿ. ಒಂದು, ಎರಡು ಅಂತ ಎಣಿಸುತ್ತಾ ಸ್ವಲ್ಪ ಕೆಳಕ್ಕೆ ಅದುಮಿ. ಮೂರಕ್ಕೆ ನೀರೇ ಅವರನ್ನು ಮೇಲಕ್ಕೆ ತಳ್ಳುತ್ತದೆ, ಅದೇ ಹೊತ್ತಿಗೆ ಎಳೆದರೆ ಅಂಚಿನ ಮೇಲೆ ಕೂರುತ್ತಾರೆ.

ತಣ್ಣೀರಿನಲ್ಲಿ ತುಂಬಾ ಹೊತ್ತು ಇದ್ದವರನ್ನು ಮಾತ್ರ ಹೀಗೆ ನೆಟ್ಟಗೆ ಎತ್ತದೆ, ಆದಷ್ಟು ಅಡ್ಡ ಮಲಗಿಸಿದ ಹಾಗೆ ಉರುಳಿಸಿಕೊಳ್ಳಿ. ನೀರಿನ ಒತ್ತಡ ಹಠಾತ್ತನೆ ಹೋದಾಗ ರಕ್ತದೊತ್ತಡ ಕುಸಿದು, ಮೇಲೆ ಬಂದ ಮೇಲೆ ಜೀವ ಹೋಗುವುದುಂಟು. ಒಳಗೆ ಬಂದ ಮೇಲೂ ಮಲಗಿಸಿಯೇ ಇಡಿ, ನಡೆಸಬೇಡಿ. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಸುತ್ತಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ. ನೀರು ಕುಡಿದಿದ್ದು ಶ್ವಾಸಕೋಶಕ್ಕೆ ಹೋಗಿರಬಹುದು ಅನಿಸಿದರೆ, ಚೆನ್ನಾಗಿದ್ದೇನೆ ಅಂದರೂ ವೈದ್ಯರಿಗೆ ತೋರಿಸಲೇಬೇಕು.

ಒಮ್ಮೆ ಬೇಕೆಂದೇ ಇಳಿದು ನೋಡಿ

ಗಾಳಿ ಇಲ್ಲದ, ನೀರು ಬೆಚ್ಚಗಿರುವ ದಿನ ಆರಿಸಿಕೊಳ್ಳಿ. ಎದೆಮಟ್ಟದ ನೀರು, ಎಂಜಿನ್ ಆಫ್, ಲಂಗರು ಹಾಕಿದ ದೋಣಿ, ಒಳಗೊಬ್ಬರು. ಈಜು ಬಟ್ಟೆಯಲ್ಲಿ ಅಲ್ಲ, ದಿನಾ ದೋಣಿಗೆ ಹೋಗುವಾಗ ಹಾಕುವ ಪ್ಯಾಂಟು, ಶೂ, ಜಾಕೆಟ್ ಸಮೇತ. ಕಾಲು ನೆಲಕ್ಕೆ ತಾಗಿಸದೆ ಹತ್ತಿ. ಆಮೇಲೆ ಒಂದೇ ಕೈಯಲ್ಲಿ ದಾರ ಹುಡುಕಿ ಎಳೆದು ನೋಡಿ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ, ಏಕೆಂದರೆ ರಾತ್ರಿ ಬಿದ್ದರೆ ಹಾಗೆಯೇ ಇರುತ್ತದೆ. ನಿಮ್ಮ ಜೊತೆ ಸದಾ ಬರುವವರೆಲ್ಲ ಒಮ್ಮೆ ಹತ್ತಲಿ. ಎತ್ತರದ ಗಂಡಸಿಗೆ ಸರಿಯಾದ ಕುಣಿಕೆ ಹನ್ನೆರಡು ವರ್ಷದ ಮಗುವಿಗೆ ಸರಿಯಾಗದಿರಬಹುದು. ನಮ್ಮ ದೋಣಿಯಲ್ಲಿ ಮೇಲಿನ ಕುಣಿಕೆ ಸೇರಿಸಿದ್ದೇ ಈ ಕಾರಣಕ್ಕೆ.

ವಾಪಸ್ ಬಂದ ಮೇಲೆ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕ್ಲೀಟಿಗೆ ಉಜ್ಜುವ ಜಾಗದಲ್ಲಿ ಎಳೆ ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಿ. ಆಮೇಲೆ ಕುಣಿಕೆ ಮೊದಲು ಹೊರಬರುವ ಹಾಗೆ, ಮೇಲಿನಿಂದ ಕೆಳಕ್ಕೆ ಮಡಚಿ ಚೀಲಕ್ಕೆ ತುಂಬಿ, ದಾರವನ್ನು ಹೊರಗೆ ಬಿಡಿ.